ಈಜಿಪ್ಟಿನ ‘ಪೆರ್’: ಒಂದು ಪುಟ್ಟ ಪದದ ಅರ್ಥ ಮತ್ತು ಮೂಲ ಹುಡುಕುವುದು ಹೇಗೆ?

ಪ್ರಾಚೀನ ಈಜಿಪ್ಟಿನ ಚಿತ್ರಲಿಪಿ ಕಲಿಯಬೇಕು ಅಂತ ಆಸೆಪಟ್ಟು ಶುರುಮಾಡಿದವರು ಸಾಮಾನ್ಯವಾಗಿ ಚಿಹ್ನೆಗಳ ಪಟ್ಟಿ ನೋಡಿಯೇ ಸುಸ್ತಾಗುತ್ತಾರೆ. ಒಂದು ಕಾಲಕ್ಕೆ ಸುಮಾರು 700 ಚಿಹ್ನೆಗಳು ಬಳಕೆಯಲ್ಲಿದ್ದ ಬರಹ ಅದು. ಎಲ್ಲವನ್ನೂ ಬಾಯಿಪಾಠ ಮಾಡಿ ಆಮೇಲೆ ಓದೋಣ ಅಂದುಕೊಂಡರೆ ಓದುವ ದಿನ ಬರುವುದೇ ಇಲ್ಲ. ಅದರ ಬದಲು ಒಂದು ಚಿಕ್ಕ ಪದವನ್ನು ಹಿಡಿದು ಅದರ ಬೆನ್ನು ಹತ್ತಿ. ಆ ಒಂದು ಪದವೇ ಲಿಪಿ ಹೇಗೆ ಕೆಲಸ ಮಾಡುತ್ತದೆ, ಪದ ಎಲ್ಲಿಂದ ಬಂತು, ಮುಂದೆ ಏನಾಯಿತು ಅನ್ನುವುದನ್ನೆಲ್ಲ ಕಲಿಸುತ್ತದೆ.

ಇದಕ್ಕೆ ನಾನು ಆರಿಸಿರುವ ಪದ ‘ಪೆರ್’. ಮೊದಲ ಅರ್ಥ ಮನೆ. ಎರಡೇ ವ್ಯಂಜನ, ಬರೆಯಲು ಒಂದೇ ಚಿಹ್ನೆ ಸಾಕು. ಈಜಿಪ್ಟಿನ ಅರಸನನ್ನು ಕರೆಯುವ ‘ಫೇರೋ’ ಅನ್ನುವ ಪದ ಹುಟ್ಟಿದ್ದು ಇದರಿಂದಲೇ.

ಹಂತ 1: ಚಿಹ್ನೆಯನ್ನು ಗುರುತು ಹಿಡಿಯಿರಿ

ಒಂದು ಅಡ್ಡ ಆಯತ ಬರೆಯಿರಿ. ಕೆಳಗಿನ ಗೆರೆಯ ಮಧ್ಯದಲ್ಲಿ ಸ್ವಲ್ಪ ಅಳಿಸಿ. ಇದೇ ಪೆರ್. ಮೇಲಿನಿಂದ ನೋಡಿದರೆ ಕಾಣುವ ಮನೆಯ ನಕ್ಷೆ ಇದು, ಅಳಿಸಿದ ಜಾಗ ಬಾಗಿಲು. ಆಲನ್ ಗಾರ್ಡಿನರ್ ಎಂಬ ವಿದ್ವಾಂಸರು 1927ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಚಿಹ್ನೆಗಳನ್ನು ಗುಂಪು ಮಾಡಿ ಸಂಖ್ಯೆ ಕೊಟ್ಟರು. ಇವತ್ತಿಗೂ ಎಲ್ಲರೂ ಬಳಸುವುದು ಅದೇ ಸಂಖ್ಯೆಗಳನ್ನು. ಕಟ್ಟಡಗಳ ಗುಂಪು ‘ಓ’. ಅದರಲ್ಲಿ ನಮ್ಮ ಮನೆ ಮೊದಲನೆಯದು, ಅಂದರೆ ‘ಓ 1’.

ಹೊಸಬರಿಗೆ ಗೊಂದಲ ಮಾಡುವ ಮೂರು ಚಿಹ್ನೆಗಳಿವೆ. ಕೆಳಗೆ ಬಾಗಿಲಿಲ್ಲದೆ ಪೂರ್ತಿ ಮುಚ್ಚಿದ ಉದ್ದನೆಯ ಆಯತ ಇದ್ದರೆ ಅದು ಕೊಳ, ಓದುವುದು ‘ಶ್’. ಆಯತದ ಮೂಲೆಯಲ್ಲಿ ಇನ್ನೊಂದು ಪುಟ್ಟ ಚೌಕ ಇದ್ದರೆ ಅದು ‘ಹುತ್’, ಅಂದರೆ ದೊಡ್ಡ ಭವನ ಅಥವಾ ದೇವಾಲಯ. ಗೆರೆ ಒಳಕ್ಕೆ ತಿರುಗಿಕೊಂಡು ಹೋಗಿದ್ದರೆ ಅದು ಬರೀ ‘ಹ್’ ಧ್ವನಿ. ಬಾಗಿಲು ಕೆಳಗಿನ ಗೆರೆಯ ನಡುವೆ ಇದೆಯಾ ಅಂತ ಮೊದಲು ನೋಡಿ. ಇದೆ ಅಂದರೆ ಪೆರ್.

ಹಂತ 2: ‘ಎ’ಕಾರವನ್ನು ನಂಬಬೇಡಿ

ನಮ್ಮ ‘ಪ’ ಒಳಗೇ ‘ಅ’ ಸೇರಿಕೊಂಡಿರುತ್ತದೆ. ಈಜಿಪ್ಟಿನ ಲಿಪಿಯಲ್ಲಿ ಹಾಗಿಲ್ಲ, ವ್ಯಂಜನಗಳನ್ನು ಮಾತ್ರ ಬರೆಯುತ್ತಿದ್ದರು. ಮನೆಯ ಚಿಹ್ನೆ ಕೊಡುವುದು ‘ಪ್’ ಮತ್ತು ‘ರ್’ ಅಷ್ಟೆ. ನಡುವಿನ ‘ಎ’ ಇವತ್ತಿನ ವಿದ್ವಾಂಸರು ಬಾಯಲ್ಲಿ ಹೇಳಲು ಅನುಕೂಲವಾಗಲಿ ಅಂತ ಸೇರಿಸಿಕೊಂಡದ್ದು. ಈಜಿಪ್ಟಿನ ಜನ ‘ಪೆರ್’ ಅಂತ ಅಂದಿದ್ದರು ಅಂದುಕೊಂಡು ಲೆಕ್ಕಾಚಾರ ಶುರುಮಾಡಿದರೆ ಮುಂದಿನದೆಲ್ಲ ದಾರಿ ತಪ್ಪುತ್ತದೆ. ನಿಜವಾದ ಸ್ವರ ಯಾವುದು ಅಂತ ಹುಡುಕುವ ದಾರಿಯೂ ಇದೆ, 6ನೇ ಹಂತದಲ್ಲಿ ಹೇಳುತ್ತೇನೆ.

ಹಂತ 3: ಪಕ್ಕದಲ್ಲಿ ಯಾವ ಚಿಹ್ನೆ ಇದೆ ನೋಡಿ

ಇಡೀ ಕೆಲಸದ ಜೀವಾಳ ಈ ಹಂತ. ಮನೆಯ ಚಿಹ್ನೆ ಕಂಡ ಕಡೆಯಲ್ಲೆಲ್ಲ ಅರ್ಥ ‘ಮನೆ’ ಅಲ್ಲ. ಈಜಿಪ್ಟಿನವರು ಒಂದೇ ಚಿಹ್ನೆಯನ್ನು ಎರಡು ಬಗೆಯಲ್ಲಿ ಬಳಸುತ್ತಿದ್ದರು. ಕೆಲವೊಮ್ಮೆ ಅದು ಚಿತ್ರದಲ್ಲಿರುವ ವಸ್ತುವನ್ನೇ ಹೇಳುತ್ತದೆ. ಕೆಲವೊಮ್ಮೆ ಅದರ ಧ್ವನಿಯನ್ನು ಮಾತ್ರ ಸಾಲ ಪಡೆದು ಬೇರೆ ಪದ ಬರೆಯುತ್ತಾರೆ. ಯಾವುದು ಅಂತ ತಿಳಿಯುವುದು ಪಕ್ಕದ ಚಿಹ್ನೆಗಳಿಂದ.

ಮನೆಯ ಚಿಹ್ನೆ, ಅದರ ಕೆಳಗೆ ಒಂದು ಪುಟ್ಟ ಲಂಬ ಗೆರೆ: ಇದು ‘ಮನೆ’. ‘ಚಿತ್ರದಲ್ಲಿ ಏನಿದೆಯೋ ಅದೇ ಅರ್ಥ ತಗೊಳ್ಳಿ’ ಅಂತ ಆ ಗೆರೆ ಹೇಳುತ್ತದೆ.

ಮನೆ, ಅದರ ಕೆಳಗೆ ಬಾಯಿಯ ಚಿಹ್ನೆ, ಕೊನೆಗೆ ನಡೆಯುತ್ತಿರುವ ಎರಡು ಕಾಲು: ಇದು ಬೇರೆಯೇ ಪದ. ಅರ್ಥ ‘ಹೊರಡು, ಹೊರಗೆ ಬಾ’. ಬಾಯಿಯ ಚಿಹ್ನೆಯ ಧ್ವನಿ ‘ರ್’. ಮನೆಯಲ್ಲಿ ಈಗಾಗಲೇ ‘ರ್’ ಇದೆ, ಹಾಗಿರುವಾಗ ಮತ್ತೆ ಯಾಕೆ? ಓದುವವರಿಗೆ ಸಹಾಯವಾಗಲಿ ಅಂತ. ಎರಡು ಸಲ ಓದಬಾರದು. ‘ಪ್-ರ್-ರ್’ ಅಲ್ಲ, ‘ಪ್-ರ್’ ಮಾತ್ರ. ಕೊನೆಯ ಕಾಲುಗಳಿಗೆ ಧ್ವನಿಯೇ ಇಲ್ಲ. ಇದು ಚಲನೆಗೆ ಸಂಬಂಧಿಸಿದ ಪದ ಅಂತ ಸೂಚಿಸಲು ಇಟ್ಟ ಗುರುತು ಅದು. ಇಂಥವನ್ನು ನಿರ್ಧಾರಕ ಚಿಹ್ನೆ ಅನ್ನುತ್ತಾರೆ. ಈ ಕ್ರಿಯಾಪದಕ್ಕೆ ನಿಜವಾಗಿ ಮೂರನೇ ವ್ಯಂಜನವೂ ಇದೆ. ಅದು ‘ಯ್’ ತರಹದ ದುರ್ಬಲ ಧ್ವನಿ, ಬರಹದಲ್ಲಿ ಬಹಳ ಸಲ ಬಿಟ್ಟುಹೋಗುತ್ತದೆ.

ಮನೆ, ಬಾಯಿ, ‘ತ್’ ಧ್ವನಿಯ ಸಣ್ಣ ರೊಟ್ಟಿ, ಕೊನೆಗೆ ಸೂರ್ಯನ ವೃತ್ತ: ಇದು ‘ಪೆರೆತ್’, ಒಂದು ಋತುವಿನ ಹೆಸರು. ಈಜಿಪ್ಟಿನ ವರ್ಷದಲ್ಲಿ ನಾಲ್ಕು ನಾಲ್ಕು ತಿಂಗಳ ಮೂರು ಋತುಗಳು. ಅಖೆತ್ ನೈಲ್ ನದಿಯ ನೆರೆಯ ಕಾಲ. ಪೆರೆತ್ ನೀರು ಇಳಿದು ನೆಲ ‘ಹೊರಗೆ ಬರುವ’, ಪೈರು ಮೇಲೇಳುವ ಕಾಲ. ಶೆಮು ಸುಗ್ಗಿ ಮತ್ತು ಬೇಸಿಗೆ. ತಿಂಗಳಿಗೆ 30 ದಿನ, ಕೊನೆಗೆ 5 ದಿನ ಸೇರಿ 365. ಇದೇ ‘ಪೆರೆತ್’ಗೆ ಬೇರೆ ನಿರ್ಧಾರಕ ಬಂದರೆ ಅರ್ಥ ಬೀಜ, ಫಲ. ಕಲ್ಲಿನ ಮೇಲೆ ಮೊದಲು ಅರ್ಧಚಂದ್ರ, ಕೆಲವು ಗೆರೆಗಳು, ಆಮೇಲೆ ಪೆರೆತ್ ಬಂದರೆ ಕಣ್ಣುಮುಚ್ಚಿ ಹೇಳಬಹುದು, ಅದು ದಿನಾಂಕ. ಅರ್ಧಚಂದ್ರ ತಿಂಗಳು, ಗೆರೆಗಳು ಎಷ್ಟನೇ ತಿಂಗಳು ಅನ್ನುವುದು.

ಒಂದು ಉಪಯೋಗದ ಮಾತು. ಈ ಬರಹ ಎಡದಿಂದಲೂ ಇರಬಹುದು, ಬಲದಿಂದಲೂ ಇರಬಹುದು. ಪ್ರಾಣಿ, ಮನುಷ್ಯರ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಓದಲು ಶುರುಮಾಡಬೇಕು. ಮನೆ, ಬಾಯಿ ಎರಡೂ ಎರಡು ಬದಿಯೂ ಒಂದೇ ಥರ ಇರುವುದರಿಂದ ಅವು ದಿಕ್ಕು ಹೇಳುವುದಿಲ್ಲ. ಕಾಲುಗಳನ್ನು ನೋಡಿ. ಬೆರಳುಗಳು ತೋರಿಸುವ ಕಡೆಯೇ ಸಾಲಿನ ಆರಂಭ.

ಹಂತ 4: ಜೋಡುಪದಗಳನ್ನು ಬಿಡಿಸಿ

ಪೆರ್ ಯಾವಾಗಲೂ ಒಂದೇ ನಿಲ್ಲುವುದಿಲ್ಲ. ಬೇರೆ ಪದಗಳ ಜತೆ ಸೇರಿ ಕಚೇರಿ, ಉಗ್ರಾಣ, ದೇವಸ್ಥಾನ, ಆಸ್ತಿ ಎಲ್ಲವೂ ಆಗುತ್ತದೆ. ‘ಪೆರ್-ಹೆಜ್’ ಅಂದರೆ ಬಿಳಿ ಮನೆ, ಅದು ಖಜಾನೆ. ‘ಪೆರ್-ಅಂಖ್’ ಅಂದರೆ ಜೀವದ ಮನೆ. ಲಿಪಿಕಾರರು ಗ್ರಂಥಗಳನ್ನು ಬರೆದು ಕಾಪಾಡುತ್ತಿದ್ದ ಜಾಗ, ದೇವಾಲಯಕ್ಕೆ ಸೇರಿದ್ದು. ‘ನೆಬೆತ್-ಪೆರ್’ ಅಂದರೆ ಮನೆ ಯಜಮಾನಿ. ಮದುವೆಯಾದ ಹೆಂಗಸರ ಹೆಸರಿನ ಮುಂದೆ ಈ ಬಿರುದು ಸ್ಮಾರಕ ಕಲ್ಲುಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನೆಫ್ತಿಸ್ ದೇವಿಯ ಹೆಸರಿಗೂ ‘ಮನೆಯೊಡತಿ’ ಅಂತ ಅರ್ಥ ಕೊಟ್ಟಿರುವುದನ್ನು ನೋಡುತ್ತೀರಿ. ಆದರೆ ಅವಳ ಹೆಸರಲ್ಲಿರುವುದು ಪೆರ್ ಅಲ್ಲ, ಮೂಲೆಯಲ್ಲಿ ಚೌಕ ಇರುವ ‘ಹುತ್’. ಹಾಥೋರ್ ದೇವಿಯ ಹೆಸರಲ್ಲೂ ಅದೇ. ಕನ್ನಡದಲ್ಲಿ ಎರಡಕ್ಕೂ ‘ಮನೆ’ ಅಂತ ಬರೆದುಬಿಟ್ಟರೆ ಈ ವ್ಯತ್ಯಾಸ ಮಾಯವಾಗುತ್ತದೆ. ಯಾವಾಗಲೂ ಚಿಹ್ನೆಗೆ ವಾಪಸ್ ಹೋಗಿ ನೋಡಿ.

ಹಂತ 5: ಒಂದು ನಿಜವಾದ ಕಲ್ಲಿನ ಮೇಲೆ ಓದಿ

ವಸ್ತುಸಂಗ್ರಹಾಲಯಗಳಲ್ಲಿ ಅತಿ ಹೆಚ್ಚು ಸಿಗುವುದು ಸತ್ತವರ ಸ್ಮಾರಕ ಕಲ್ಲುಗಳು. ಬ್ರಿಟಿಷ್ ಮ್ಯೂಸಿಯಂ ಮತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮ ಸಂಗ್ರಹದ ಫೋಟೊಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿವೆ. ಮಧ್ಯ ರಾಜ್ಯಕಾಲದ, ಅಂದರೆ ಸುಮಾರು 4,000 ವರ್ಷ ಹಿಂದಿನ ಒಂದು ಕಲ್ಲು ಆರಿಸಿ, ದೊಡ್ಡದು ಮಾಡಿ ನೋಡಿ.

ಮೊದಲ ಸಾಲು ಸಾಮಾನ್ಯವಾಗಿ ‘ಹೆತೆಪ್ ದಿ ನೆಸು’ ಅಂತ ಶುರುವಾಗುತ್ತದೆ. ‘ಅರಸ ಕೊಡುವ ಕಾಣಿಕೆ’ ಎಂಬ ಅರ್ಥ. ಅದಾದ ಮೇಲೆ ಒಬ್ಬ ದೇವರ ಹೆಸರು, ಹೆಚ್ಚಾಗಿ ಒಸಿರಿಸ್. ಇನ್ನು ಸ್ವಲ್ಪ ಮುಂದೆ ನಮ್ಮ ಮನೆ ಸಿಗುತ್ತದೆ, ಆದರೆ ಒಂಟಿಯಾಗಿ ಅಲ್ಲ. ಅದಕ್ಕೆ ಅಂಟಿಕೊಂಡಂತೆ ದೋಣಿಯ ಹುಟ್ಟು, ಒಂದು ರೊಟ್ಟಿ, ಒಂದು ಬಿಯರ್ ಗಡಿಗೆ. ಇವೆಲ್ಲ ಒಟ್ಟಾಗಿ ಒಂದೇ ಗುಂಪು. ಎಷ್ಟು ಸಲ ಬರುತ್ತದೆ ಅಂದರೆ ಗಾರ್ಡಿನರ್ ಪಟ್ಟಿಯಲ್ಲಿ ಇದಕ್ಕೇ ಬೇರೆ ಸಂಖ್ಯೆ ಇದೆ, ‘ಓ 3’.

ಬಿಡಿಸೋಣ. ಮನೆಯ ಚಿಹ್ನೆ ಇಲ್ಲಿ ‘ಹೊರಡು’ ಪದದ ಧ್ವನಿ ಕೊಡುತ್ತದೆ. ಹುಟ್ಟು ‘ಖೆರು’ ಎಂದು ಓದುವ ಚಿಹ್ನೆ, ಅರ್ಥ ದನಿ. ಎರಡೂ ಸೇರಿ ‘ಪೆರೆತ್-ಖೆರು’, ದನಿ ಹೊರಡುವುದು. ರೊಟ್ಟಿ ಮತ್ತು ಗಡಿಗೆ ಆ ದನಿ ಏನನ್ನು ತರುತ್ತದೆ ಅಂತ ತೋರಿಸುತ್ತವೆ. ಅಂದರೆ ಇದು ಬಾಯಿಮಾತಿನಲ್ಲೇ ಇಡುವ ಎಡೆ! ಮುಂದಿನ ಸಾಲುಗಳಲ್ಲಿ ರೊಟ್ಟಿ, ಬಿಯರ್, ಎತ್ತು, ಹಕ್ಕಿ, ಬಟ್ಟೆ ಎಲ್ಲವೂ ‘ಸಾವಿರ ಸಾವಿರ’ ಸಿಗಲಿ ಅಂತ ಇರುತ್ತದೆ. ಸಾವಿರಕ್ಕೆ ಬಳಸುವ ಚಿಹ್ನೆ ಕಮಲದ ಗಿಡ. ಕೆಲವು ಕಲ್ಲುಗಳಲ್ಲಿ ದಾರಿಹೋಕರನ್ನೇ ಕರೆದು ಕೇಳಿಕೊಂಡಿದ್ದಾರೆ: ಇದನ್ನು ಓದಿ ಹೇಳಿ, ನಿಮಗೆ ಖರ್ಚಾಗುವುದು ಬಾಯಿಯ ಉಸಿರು ಮಾತ್ರ ಅಂತ. ಹಾಗಾಗಿ ಈ ಗುಂಪು ಸಿಕ್ಕಾಗ ದನಿ ಎತ್ತಿಯೇ ಓದಿ. ಬರೆಸಿದವರು ಬಯಸಿದ್ದು ಅದನ್ನೇ ಅಲ್ವಾ?

‘ಸತ್ತವರ ಗ್ರಂಥ’ ಅಂತ ನಾವು ಕರೆಯುವ ಮಂತ್ರಗಳ ಸಂಗ್ರಹದ ಮೂಲ ಹೆಸರಲ್ಲೂ ಇದೇ ಕ್ರಿಯಾಪದ ಇದೆ. ‘ಸತ್ತವರ ಗ್ರಂಥ’ ಅನ್ನುವುದು 1842ರಲ್ಲಿ ಜರ್ಮನಿಯ ವಿದ್ವಾಂಸ ಲೆಪ್ಸಿಯಸ್ ಇಟ್ಟದ್ದು. ಈಜಿಪ್ಟಿನವರ ಶೀರ್ಷಿಕೆಯಲ್ಲಿ ಇರುವುದು ‘ಪೆರೆತ್ ಎಮ್ ಹೆರು’, ಹಗಲಿನಲ್ಲಿ ಹೊರಗೆ ಬರುವುದು. ಸಾವಿನ ಮಾತೇ ಅದರಲ್ಲಿಲ್ಲ. ಗೋರಿಯ ಕತ್ತಲಿಂದ ಬೆಳಕಿಗೆ ಬರುವ ಆಸೆಯನ್ನು ನಮ್ಮ ಹೆಸರು ಪೂರ್ತಿ ಮುಚ್ಚಿಹಾಕಿದೆ, ಇದು ನನಗೆ ಬೇಸರದ ಸಂಗತಿ.

ಹಂತ 6: ಕಾಪ್ಟಿಕ್‌ನಲ್ಲಿ ಹುಡುಕಿ

ಈಗ ಸ್ವರದ ಪ್ರಶ್ನೆಗೆ ಬರೋಣ. ಈಜಿಪ್ಟಿನ ಭಾಷೆಯ ಕೊನೆಯ ರೂಪ ಕಾಪ್ಟಿಕ್. ಅದನ್ನು ಗ್ರೀಕ್ ಅಕ್ಷರಗಳಲ್ಲಿ, ಜತೆಗೆ ಹಳೆಯ ಲಿಪಿಯಿಂದ ತೆಗೆದುಕೊಂಡ ಕೆಲವು ಅಕ್ಷರಗಳಲ್ಲಿ ಬರೆದರು. ಗ್ರೀಕ್ ಅಕ್ಷರಗಳಲ್ಲಿ ಸ್ವರಗಳಿವೆ. ಹಾಗಾಗಿ ಹಳೆಯ ಪದದ ಮೊಮ್ಮಗು ಕಾಪ್ಟಿಕ್‌ನಲ್ಲಿ ಉಳಿದಿದ್ದರೆ ಸ್ವರದ ಸುಳಿವು ಸಿಗುತ್ತದೆ. 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೋಂ ಚಿತ್ರಲಿಪಿಯ ಬೀಗ ತೆಗೆದದ್ದಕ್ಕೆ ಅವರ ಕಾಪ್ಟಿಕ್ ಜ್ಞಾನ ದೊಡ್ಡ ಕಾರಣ. ಈ ಭಾಷೆ ಕಾಪ್ಟಿಕ್ ಚರ್ಚಿನ ಪ್ರಾರ್ಥನೆಗಳಲ್ಲಿ ಇವತ್ತಿಗೂ ಕೇಳುತ್ತದೆ.

ಪೆರ್ ಕಾಪ್ಟಿಕ್‌ನಲ್ಲಿ ಬಿಡಿ ಪದವಾಗಿ ಸಿಗುವುದಿಲ್ಲ. ಮನೆಗೆ ಅಲ್ಲಿ ಬೇರೆ ಪದ ಬಂದುಬಿಟ್ಟಿದೆ, ‘ಏಇ’. ಆದರೆ ಮನೆಯ ಚಾವಣಿಗೆ ‘ಜೆನೆಪೋರ್’ ಅನ್ನುತ್ತಾರೆ. ಹಳೆಯ ಭಾಷೆಯಲ್ಲಿ ಇದು ‘ಮನೆಯ ತಲೆ’. ಕೊನೆಯ ‘ಪೋರ್’ ನಮ್ಮ ಪದವೇ! ಅದೇ ರೀತಿ ‘ಹೊರಗೆ ಬರು’ ಕ್ರಿಯಾಪದ ‘ಪಿರೆ’ ಆಗಿ ಉಳಿದಿದೆ, ಬೆಳಕು ಹೊಮ್ಮು, ಅರಳು ಅನ್ನುವ ಅರ್ಥದಲ್ಲಿ. ಪೆರೆತ್ ಋತು ‘ಪ್ರೋ’ ಆಗಿದೆ, ಅರ್ಥ ಚಳಿಗಾಲ.

ಪೋರ್, ಪಿರೆ, ಪ್ರೋ. ಬರಹದಲ್ಲಿ ಮೂರಕ್ಕೂ ಒಂದೇ ಮನೆಯ ಚಿಹ್ನೆ, ಬಾಯಲ್ಲಿ ಮೂರೂ ಬೇರೆ ಬೇರೆ. ಈಜಿಪ್ಟಿನ ಮಗುವಿಗೆ ‘ಮನೆ’ ಮತ್ತು ‘ಹೊರಡು’ ಯಾವತ್ತೂ ಗೊಂದಲವಾಗಿರಲಾರವು. ಗೊಂದಲ ಆಗುವುದು ಬರೀ ವ್ಯಂಜನ ನೋಡುವ ನಮಗೆ. ಒಂದು ಪದದ ಮೂಲ ಹುಡುಕುವಾಗ ಈ ಹಂತವನ್ನು ದಾಟಿ ಹಾರಬೇಡಿ.

ಹಂತ 7: ಒಂದು ಜೋಡುಪದದ ಹಾದಿಯನ್ನು ಕೊನೆಯವರೆಗೂ ಹಿಡಿಯಿರಿ

‘ಪೆರ್-ಆ’ ತೆಗೆದುಕೊಳ್ಳಿ. ಮನೆಯ ಚಿಹ್ನೆಯ ಜತೆ ಒಂದು ಮರದ ಕಂಬ, ಕಂಬದ ಓದು ‘ಆ’, ಅರ್ಥ ದೊಡ್ಡದು. ಅಂದರೆ ದೊಡ್ಡಮನೆ. ನಮ್ಮ ಊರುಗಳಲ್ಲಿ ‘ದೊಡ್ಮನೆಯವರು’ ಅಂದರೆ ಕಟ್ಟಡ ಅಲ್ಲ, ಆ ಮನೆತನ, ಅದರ ಯಜಮಾನ. ಈಜಿಪ್ಟಿನಲ್ಲೂ ಮಾತು ಅದೇ ಹಾದಿ ಹಿಡಿಯಿತು. ಹಳೆಯ ರಾಜ್ಯಕಾಲದಲ್ಲಿ ಪೆರ್-ಆ ಅಂದರೆ ಅರಮನೆ ಮಾತ್ರ. ಮಧ್ಯ ರಾಜ್ಯಕಾಲದಲ್ಲಿ ಅದರ ಹಿಂದೆ ‘ಬಾಳಲಿ, ಸುಖವಾಗಿರಲಿ, ಆರೋಗ್ಯವಾಗಿರಲಿ’ ಎಂಬ ಹಾರೈಕೆ ಸೇರಿತು. ಕಟ್ಟಡಕ್ಕೆ ಯಾರೂ ಆರೋಗ್ಯ ಹಾರೈಸುವುದಿಲ್ಲ, ಅಲ್ವಾ? ಪದ ಮನುಷ್ಯನ ಕಡೆ ವಾಲುತ್ತಿದೆ ಅನ್ನುವುದಕ್ಕೆ ಇದು ಗುರುತು. 18ನೇ ರಾಜವಂಶದಲ್ಲಿ, ಮೂರನೇ ಥುತ್ಮೋಸನ ಕಾಲದಿಂದ ಈಚೆಗೆ, ಅಂದರೆ ಸುಮಾರು 3,400 ವರ್ಷ ಹಿಂದೆ, ಅದು ಅರಸನನ್ನೇ ಹೇಳತೊಡಗಿತು. ಅದೇ ವಂಶದ ಅರಸ ಅಖೆನಾತೆನ್‌ಗೆ ಬರೆದ ಒಂದು ಪತ್ರದಲ್ಲಿ ಅವನನ್ನು ಹೀಗೇ ಕರೆದಿದ್ದಾರೆ. ಅರಸನ ಹೆಸರಿನ ಮುಂದೆ ಬಿರುದಾಗಿ ಅಂಟಿಕೊಂಡದ್ದು ಇನ್ನೂ ಕೆಲವು ಶತಮಾನ ಕಳೆದ ಮೇಲೆ.

ಅಲ್ಲಿಂದ ಹೀಬ್ರೂಗೆ, ಗ್ರೀಕ್‌ಗೆ ಹೋಯಿತು. ಕನ್ನಡ ಬೈಬಲ್ಲಿನ ‘ಫರೋಹ’, ಕುರ್‌ಆನ್‌ನ ‘ಫಿರ್‌ಔನ್’, ಇತಿಹಾಸ ಪಾಠದ ‘ಫೇರೋ’ ಮೂರೂ ಅದೇ ದೊಡ್ಡಮನೆ. ಆದ್ದರಿಂದ ಪಿರಮಿಡ್ ಕಟ್ಟಿಸಿದ ಖುಫುವನ್ನು ಅವನ ಕಾಲದ ಜನ ‘ಫೇರೋ’ ಅನ್ನುತ್ತಿರಲಿಲ್ಲ. ಆ ಬಳಕೆ ಬರುವ ಹೊತ್ತಿಗೆ ಅವನು ಸತ್ತು ಸಾವಿರ ವರ್ಷ ದಾಟಿತ್ತು.

ಈಜಿಪ್ಟಿನ ಒಳಗೆ ಇನ್ನೂ ಸೊಗಸಾದ ಸಂಗತಿ ನಡೆಯಿತು. ಕಾಪ್ಟಿಕ್‌ನಲ್ಲಿ ‘ಪೆರ್-ಆ’ ಪದ ‘ಪ್ರ್ರೋ’ ಆಗಿತ್ತು. ಆ ಭಾಷೆಯಲ್ಲಿ ಗಂಡು ಪದಗಳ ಮುಂದೆ ‘ಪ್’ ಸೇರುತ್ತದೆ, ನಾವು ‘ಆ ಮನೆ’, ‘ಆ ಊರು’ ಅಂತ ಬೆರಳು ತೋರಿಸಿ ಹೇಳುವಂಥ ಅರ್ಥಕ್ಕೆ. ಜನ ‘ಪ್ರ್ರೋ’ ಪದದ ಮೊದಲ ‘ಪ್’ ಕೂಡ ಅದೇ ಅಂದುಕೊಂಡರು. ಕತ್ತರಿಸಿದಾಗ ಉಳಿದದ್ದು ‘ರ್ರೋ’, ಅದೇ ‘ಅರಸ’ ಅನ್ನುವ ಪದವಾಯಿತು. ಮನೆಯ ಅರ್ಧ ಹೋದರೂ ಯಜಮಾನ ಉಳಿದುಕೊಂಡ!

ಹಂತ 8: ನಕ್ಷೆ ತೆರೆದು ಊರ ಹೆಸರುಗಳಲ್ಲಿ ಹುಡುಕಿ

ಪೆರ್ ಜತೆ ದೇವರ ಹೆಸರು ಸೇರಿದರೆ ಊರು. ಕಾಲ ಕಳೆದಂತೆ ‘ರ್’ ಸವೆದು ‘ಪಿ’, ‘ಪೆ’, ‘ಬು’ ಆಗುತ್ತದೆ. ಬೆಕ್ಕಿನ ಮುಖದ ಬಸ್ತೆತ್ ದೇವಿಯ ‘ಪೆರ್-ಬಸ್ತೆತ್’ ಗ್ರೀಕರ ಬಾಯಲ್ಲಿ ಬುಬಾಸ್ಟಿಸ್, ಇವತ್ತು ಝಗಝಿಗ್ ನಗರದ ಬಳಿಯ ತೆಲ್ ಬಸ್ತಾ. ಅತುಮ್ ದೇವರ ಊರು ಬೈಬಲ್ಲಿನ ವಿಮೋಚನಕಾಂಡದಲ್ಲಿ ಬರುವ ಪಿತೋಮ್. ಒಸಿರಿಸ್ ದೇವರ ‘ಪೆರ್-ವೆಸಿರ್’ ಬುಸಿರಿಸ್ ಆಗಿ, ಕೊನೆಗೆ ಅಬುಸಿರ್ ಆಗಿದೆ. ಅರಬ್ಬಿ ಬಲ್ಲವರು ಅಬುಸಿರ್‌ನಲ್ಲಿ ‘ಅಬು’, ಅಂದರೆ ಅಪ್ಪ ಇದ್ದಾನೆ ಅಂದುಕೊಳ್ಳಬಹುದು. ಅಲ್ಲಿರುವುದು ಸವೆದುಹೋದ ಮನೆ.

ಕನ್ನಡಿಗರು ತಪ್ಪದೆ ನೋಡಬೇಕಾದ ಊರು ‘ಪೆರ್-ಮೆಜೆದ್’. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೊಮೀಟರ್. ಕಾಪ್ಟಿಕ್‌ನಲ್ಲಿ ಪೆಮ್ಜೆ, ಅರಬ್ಬಿಯಲ್ಲಿ ಬಹ್ನಸಾ. ಗ್ರೀಕರು ಇಟ್ಟ ಹೆಸರು ಆಕ್ಸಿರಿಂಕಸ್, ಅಲ್ಲಿ ಪೂಜಿಸುತ್ತಿದ್ದ ಚೂಪು ಮೂತಿಯ ಮೀನಿನಿಂದ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ಇಲ್ಲಿನ ಕಸದ ದಿಬ್ಬಗಳಲ್ಲಿ ಅಗೆದು ತೆಗೆದ ಪಪೈರಸ್‌ಗಳಲ್ಲಿ ಒಂದು ಗ್ರೀಕ್ ಪ್ರಹಸನ ಸಿಕ್ಕಿತು, 413ನೇ ಸಂಖ್ಯೆಯದು, ಪ್ರಕಟವಾದದ್ದು 1903ರಲ್ಲಿ. ಕಥೆ ನಡೆಯುವುದು ಭಾರತದ ಕಡಲತೀರದಲ್ಲಿ. ಅದರ ಪಾತ್ರಗಳು ಆಡುವ ಅರ್ಥವಾಗದ ಮಾತುಗಳು ಕನ್ನಡ ಇರಬಹುದು ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ವಾದಿಸಿದರು. ಆರ್. ಶಾಮಶಾಸ್ತ್ರಿ, ಎಂ. ಗೋವಿಂದ ಪೈ ಅವರೂ ಇದರ ಬಗ್ಗೆ ಬರೆದರು. ಒಪ್ಪದ ವಿದ್ವಾಂಸರೂ ಇದ್ದಾರೆ, ಚರ್ಚೆ ಮುಗಿದಿಲ್ಲ.

ಹಂತ 9: ‘ಪುರ’ದ ಹತ್ತಿರ ನಿಂತು ಯೋಚಿಸಿ

ಪೆರ್-ಬಸ್ತೆತ್, ಪೆರ್-ವೆಸಿರ್ ಅಂತ ಓದುತ್ತಿದ್ದ ಹಾಗೆ ‘ಅರೆ, ಇದು ನಮ್ಮ ಪುರವೇ’ ಅನ್ನಿಸುತ್ತದೆ. ಇಂಥ ಸಂದೇಶಗಳು ಮೊಬೈಲಿನಲ್ಲಿ ಜಾಸ್ತಿ ಓಡಾಡುತ್ತವೆ. ದಯವಿಟ್ಟು ಪರೀಕ್ಷೆ ಮಾಡಿ. ಸಂಸ್ಕೃತದ ‘ಪುರ್’ಗೆ ಗ್ರೀಕ್‌ನ ‘ಪೊಲಿಸ್’, ಲಿಥುವೇನಿಯನ್ನಿನ ‘ಪಿಲಿಸ್’ ಸಂಬಂಧಿಗಳು; ಮೂಲ ಅರ್ಥ ಕೋಟೆ, ಮೂಲದಲ್ಲಿದ್ದ ಧ್ವನಿ ‘ಲ್’. ಈಜಿಪ್ಟಿನ ಪದದಲ್ಲಿ ಶುರುವಿನಿಂದಲೂ ‘ರ್’, ಅರ್ಥ ಮನೆ, ಭಾಷಾ ಕುಟುಂಬವೇ ಬೇರೆ. ಎರಡು ವ್ಯಂಜನದ ಪದಗಳು ಯಾವ ಎರಡು ಭಾಷೆಗಳ ನಡುವೆಯೂ ಆಕಸ್ಮಿಕವಾಗಿ ಹೋಲುತ್ತವೆ. ಪದ ಚಿಕ್ಕದಾದಷ್ಟೂ ಸಾಕ್ಷಿ ಜಾಸ್ತಿ ಬೇಕು: ಅತಿ ಹಳೆಯ ರೂಪ, ಸ್ವರ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಂದ ಹಾದಿ. ಫೇರೋ ಪದಕ್ಕೆ ಮೂರೂ ಇವೆ. ಪುರಕ್ಕೆ ಒಂದೂ ಇಲ್ಲ.

ಹಂತ 10: ನಿಘಂಟು ತೆರೆಯಿರಿ

ಎರ್ಮಾನ್ ಮತ್ತು ಗ್ರಾಪೋ ಅವರ ದೊಡ್ಡ ಜರ್ಮನ್ ನಿಘಂಟು 1926ರಿಂದ ಸಂಪುಟಗಳಾಗಿ ಬಂತು. ಇಂಗ್ಲಿಷ್ ಬಲ್ಲವರಿಗೆ 1962ರ ಫಾಕ್ನರ್ ನಿಘಂಟು ಸುಲಭ. ಅಂತರ್ಜಾಲದಲ್ಲಿ ‘ಥೆಸಾರಸ್ ಲಿಂಗ್ವೇ ಏಜಿಪ್ಟಿಯೇ’ ಪುಕ್ಕಟೆ ಸಿಗುತ್ತದೆ, ಪ್ರತಿ ಪದಕ್ಕೂ ಅದು ಬಂದಿರುವ ನಿಜವಾದ ಪಾಠಗಳನ್ನು ತೋರಿಸುತ್ತದೆ. ಅಲ್ಲಿ ‘ಪಿ’ ‘ಆರ್’ ಅಂತ ಹುಡುಕಿದರೆ ಹಲವು ಪದಗಳು ಬರುತ್ತವೆ. ಮೊದಲನೆಯದನ್ನೇ ಸುಮ್ನೆ ಒತ್ತಬೇಡಿ. ಪ್ರತಿಯೊಂದರ ನಿರ್ಧಾರಕ ಚಿಹ್ನೆ ನೋಡಿ, ನಿಮ್ಮ ಕಲ್ಲಿನ ಮೇಲಿರುವುದಕ್ಕೆ ಹೊಂದಿಸಿ, ಆಮೇಲೆ ಆರಿಸಿ.

ಒಂದು ನೋಟ್‌ಬುಕ್ಕಿನಲ್ಲಿ ಪುಟಕ್ಕೊಂದು ಪದ ಬರೆದುಕೊಳ್ಳಿ: ಚಿಹ್ನೆ, ನಿರ್ಧಾರಕ, ಜೋಡುಪದ, ಕಾಪ್ಟಿಕ್ ರೂಪ, ಎಲ್ಲಿ ನೋಡಿದಿರಿ ಅನ್ನುವುದು. ಪೆರ್ ಪುಟ ತುಂಬಿದ ಮೇಲೆ ‘ನೆಬ್’ ಹಿಡಿಯಿರಿ. ಚಿಹ್ನೆ ಒಂದು ಬುಟ್ಟಿ, ಅರ್ಥ ಒಂದು ಕಡೆ ‘ಒಡೆಯ’, ಇನ್ನೊಂದು ಕಡೆ ‘ಎಲ್ಲ’. ಮೇಲೆ ಬಂದ ‘ನೆಬೆತ್-ಪೆರ್’ನಲ್ಲಿ ಅದು ಈಗಾಗಲೇ ನಿಮಗೆ ಸಿಕ್ಕಿದೆ.